ಮಿರ್ತಾ ಬರೆದ ಗಡಿಯಾರ

ನಮ್ಮ ಟಿಗ್ರೆಯ ದೋಣಿ ಕ್ಲಬ್ಬಿನಲ್ಲಿ ಮಿರ್ತಾ ಒಲಸಾಬಾಲ್ ಹುಟ್ಟು ಹಾಕಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ಬ್ಯೂನಸ್ ಐರಿಸ್‌ನ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಾಳೆ. ಆ ವಸಂತದ ಪಂದ್ಯಗಳಿಗೆ ಸಮಯ ಅಳೆಯುವ ಪ್ರೋಗ್ರಾಮನ್ನು ತಾನೇ ಬರೆದಿದ್ದಳು. ಅಲ್ಲಿಯವರೆಗೆ ಸ್ಟಾಪ್‌ವಾಚ್ ಹಿಡಿಯುತ್ತಿದ್ದ ಮುದುಕ ಅನ್ಸೆಲ್ಮೊಗೆ ಇದರಿಂದ ಮೈಯೆಲ್ಲ ಉರಿ.

ಬೆಳಗಿನ ಸುತ್ತಿನಲ್ಲಿ ಮಿರ್ತಾಳ ತಂಗಿಯ ಮಗಳು ಜೊರ್ಗೆಲಿನಾ ಒಂಟಿ ದೋಣಿಯಲ್ಲಿ ಗೆರೆ ದಾಟಿದಾಗ, ರಾಷ್ಟ್ರೀಯ ತಂಡಕ್ಕೆ ಬೇಕಾದ ಸಮಯದೊಳಗೇ ಬಂದಳೆಂದು ಪರದೆ ತೋರಿಸಿತು. ನಾವೆಲ್ಲ ಕುಣಿದೆವು. ಅನ್ಸೆಲ್ಮೊ ಮಾತ್ರ ತನ್ನ ವಾಚಿನಲ್ಲಿ ಹನ್ನೆರಡು ಸೆಕೆಂಡು ಹೆಚ್ಚಿದೆ ಅಂದ. ಹೊಟ್ಟೆಕಿಚ್ಚಿನ ಮುದುಕ ಎಂದು ನಾನೇ ಆಡಿಕೊಂಡೆ.

ಮಿರ್ತಾ ನಗಲಿಲ್ಲ. ಶೆಡ್ಡಿನಲ್ಲಿ ಕೂತು ಬರೆದದ್ದನ್ನೆಲ್ಲ ಕೆದಕತೊಡಗಿದಳು. ಸುತ್ತ ನಾವು ಮಾಟೆ ಎಂಬ ಕಹಿ ಎಲೆಯ ಕಷಾಯ ಕುಡಿಯುತ್ತಿದ್ದೆವು. ಒಂದೇ ಸೋರೆ ಬುರುಡೆ, ಒಂದೇ ಕೊಳವೆ, ಸರದಿಯಂತೆ ಎಲ್ಲರಿಗೂ. ಅನ್ಸೆಲ್ಮೊ ತನ್ನ ಸರದಿಯಲ್ಲಿ ಬುರುಡೆಗೆ ಸಕ್ಕರೆ ಸುರಿದ. ಮುಂದಿನ ಗುಟುಕು ಮಿರ್ತಾಳದು. ಥೂ ಎಂದು ಉಗಿದಳು.

"ನಿಮ್ಗೆ ಸಿಹಿ ಬೇಕಂದ್ರೆ ಊರೋರ ಬಾಯಿಗೆಲ್ಲ ಯಾಕ್ರೀ ಸುರೀತೀರಾ?" ಅಂದವಳು ಕೈಯಲ್ಲಿದ್ದ ಬುರುಡೆಯನ್ನೇ ದಿಟ್ಟಿಸಿದಳು. "ಒಂದೇ ಬುರುಡೆ... ಅಯ್ಯೋ, ನಾನೂ ಒಂದೇ ಬುರುಡೆ ಇಟ್ಟಿದ್ದೀನಲ್ಲಾ!"

ಪ್ರೋಗ್ರಾಮಿನಲ್ಲಿ 'ದೋಣಿ' ಎಂಬುದು ತಾಯಿ ವರ್ಗವಂತೆ. ಒಂಟಿ ದೋಣಿ, ಜೋಡಿ ದೋಣಿ ಅದರ ಮಕ್ಕಳು. ಹೊರಟ ಹೊತ್ತನ್ನು ತಾಯಿಯಲ್ಲಿ ಬರೆದರೆ ಮಕ್ಕಳಿಗೆ ತಲಾ ಒಂದೊಂದು ಸಿಗುತ್ತದೆಂದು ಇವಳು ನಂಬಿದ್ದಳು. ಆ ಭಾಷೆಯಲ್ಲಿ ಹಾಗಲ್ಲ, ಅಲ್ಲಿಟ್ಟದ್ದು ಇಡೀ ಮನೆತನಕ್ಕೆ ಒಂದೇ. ಒಂಟಿಗಳು ಹೊರಟ ಹನ್ನೆರಡು ಸೆಕೆಂಡಿಗೆ ಜೋಡಿಗಳನ್ನು ಬಿಟ್ಟಾಗ, ಜೋಡಿಗಳ ಹೊತ್ತು ಒಂಟಿಗಳ ಹೊತ್ತನ್ನು ಅಳಿಸಿ ಕೂತಿತ್ತು. ಇದೇ ತಪ್ಪಿಗೆ ವಿದ್ಯಾರ್ಥಿಗಳ ಅಂಕ ಕತ್ತರಿಸುವ ಮಹಾತಾಯಿ ಇವಳು! ಚಪ್ಪಾಳೆ ತಟ್ಟಿ ನಗುತ್ತ ಪ್ರತಿ ವರ್ಗಕ್ಕೂ ಅದರದೇ ಹೊತ್ತು ಕೊಟ್ಟಳು. ಆಮೇಲೆ ಮುಖ ಇಳಿಯಿತು. ಸರಿಯಾದ ಲೆಕ್ಕದಲ್ಲಿ ಜೊರ್ಗೆಲಿನಾ ತಂಡದಲ್ಲಿರಲಿಲ್ಲ.

ತಾನೇ ಹೋಗಿ ಹೇಳಿದಳು. ಹುಡುಗಿ ಹುಟ್ಟುಗಳನ್ನು ಮತ್ತೆ ಎತ್ತಿಕೊಂಡಳು.

"ಮಧ್ಯಾಹ್ನ ಇನ್ನೊಂದು ಸುತ್ತಿದೆಯಲ್ಲ ದೊಡ್ಡಮ್ಮ. ನಿಮ್ಮ ಗಡಿಯಾರ ಈಗಾದ್ರೂ ನೆಟ್ಟಗಿದೆ ತಾನೆ?"

ಮಧ್ಯಾಹ್ನ ನಾವು ದಂಡೆಯುದ್ದಕ್ಕೂ ಗಂಟಲು ಹರಿಯುವಂತೆ ಕೂಗುತ್ತ ಓಡಿದೆವು. ಜೊರ್ಗೆಲಿನಾ ಗೆರೆ ದಾಟಿದಳು. ಮಿರ್ತಾ ಕಣ್ಣು ಮುಚ್ಚಿಕೊಂಡಿದ್ದಳು. ಅನ್ಸೆಲ್ಮೊ ತನ್ನ ವಾಚನ್ನು ಪರದೆಯ ಪಕ್ಕ ಹಿಡಿದು ಎರಡನ್ನೂ ನೋಡಿದ. ಎರಡರಲ್ಲೂ ಒಂದೇ ಸಮಯ. ಕೂದಲೆಳೆಯಷ್ಟು ಅಂತರದಲ್ಲಿ ಹುಡುಗಿ ತಂಡಕ್ಕೆ ಬೇಕಾದ ಸಮಯವನ್ನು ಗೆದ್ದಿದ್ದಳು.

"ಈಗ ಕಣ್ಣು ಬಿಡಮ್ಮ," ಅಂದ. "ಈ ಸಲ ನಿಜವಾಗ್ಲೂ ಬಂದ್ಲು."