ಅಂಚಿನ ಸಾಲು ಮೇಸ್ತ್ರಿಯದು

ಮಕ್ಕಳೇ, ನಿಮ್ಮ ತಾತ ಹೋದ ಮೇಲೆ ನಾನು ತೆರಕಣಾಂಬಿ ಕಡೆ ಚೆಂಡುಹೂವು ಕೀಳುವ ಕೂಲಿಗೆ ಹೋಗುತ್ತಿದ್ದೆ. ಅಲ್ಲಿ ನಮ್ಮದೊಂದು ಪದ್ಧತಿ ಇತ್ತು. ಕಾಡಿಗೆ ಹತ್ತಿರವಿರುವ ಅಂಚಿನ ಸಾಲನ್ನು ಮೇಸ್ತ್ರಿಯೇ ಕೀಳಬೇಕು. ಹಂದಿ ಬಂದರೆ ಮೊದಲು ಅವನನ್ನೇ ಮಾತಾಡಿಸಲಿ ಎಂದು.

ಒಂದು ವರ್ಷ ಹೊಸ ಮೇಸ್ತ್ರಿ ಬಂದ. ಓದಿದವನು, ಬೂಟು ಹಾಕಿದವನು. ಒಂದು ಬೆಳಿಗ್ಗೆ, ಹಿಂದಿನ ದಿನ ಹಂದಿ ಕಂಡಿದ್ದರಿಂದ ನಾವು ಯಾರೂ ಹೊಲಕ್ಕೆ ಇಳಿಯಲಿಲ್ಲ. ಮಧ್ಯಾಹ್ನದ ಲಾರಿಗೆ ಹೂವು ತುಂಬದಿದ್ದರೆ ಅವನ ಕೆಲಸ ಹೋಗುತ್ತಿತ್ತು. ಅವನೋ ಬದುವಿನ ಮೇಲೆ ನಿಂತು, "ನಾವೆಲ್ಲ ಒಂದೇ ಕುಟುಂಬ, ನನ್ನನ್ನು ನಂಬಿ" ಎಂದು ಭಾಷಣ ಬಿಗಿದ.

ನಮ್ಮಲ್ಲಿ ಹಿರಿಯಳಾದ ಅಜ್ಜಿ ಎಲೆಅಡಿಕೆ ಉಗಿದು, "ಕುಟುಂಬ ಆಮೇಲೆ ಮಾಡನ ಕಣಪ್ಪ, ಮೊದ್ಲು ಅಂಚಿನ ಸಾಲು ಇಡ್ಕೊ" ಎಂದಳು.

ಪಾಪ, ಇಳಿದ. ಹಿಂದೆಯೇ ನಾವೂ ಇಳಿದೆವು. ಅವನು ಹೂವಿಗಿಂತ ಕೀಳಬಾರದ ಮೊಗ್ಗನ್ನೇ ಹೆಚ್ಚು ಕಿತ್ತ. ಅಷ್ಟರಲ್ಲಿ ಬೇಲಿಯ ಪೊದೆ ಅಲ್ಲಾಡಿತು. "ಓಡ್ರಮ್ಮಾ!" ಎಂದು ಕಿರುಚಿದ. ನಾವೆಲ್ಲ ಬದುವಿಗೆ ಓಡಿದೆವು. ಅವನು ಮಾತ್ರ ಬುಟ್ಟಿಯನ್ನು ಎದೆಗೆ ಅಡ್ಡ ಹಿಡಿದು, ಕಣ್ಣು ಮುಚ್ಚಿ ನಿಂತುಬಿಟ್ಟ. ಪೊದೆಯಿಂದ ಬಂದದ್ದು ಒಂದು ಎಮ್ಮೆಕರು.

ನಕ್ಕು ನಕ್ಕು ನಮ್ಮ ಪಕ್ಕೆ ಹಿಡಿದುಕೊಂಡವು.

"ನೀನ್ಯಾಕ್ ಓಡ್ನಿಲ್ಲ ಮಗಾ?" ಎಂದಳು ಅಜ್ಜಿ.

"ಕಾಲೇ ಬರ್ನಿಲ್ಲ ಕಣಜ್ಜಿ."

"ಸುಳ್ಳು ಯೋಳ್ದೇ ಇರೋ ಮೇಸ್ತ್ರಿ ಸಿಕ್ದ, ಬನ್ರಮ್ಮಿ!" ಎಂದಳು ಅವಳು.

ಲಾರಿ ಬರುವ ಹೊತ್ತಿಗೆ ಮೂಟೆಗಳು ತುಂಬಿದವು. ಅವನು ಕಿತ್ತ ಮೊಗ್ಗುಗಳನ್ನೆಲ್ಲ ಲಾರಿಯವರ ಕಣ್ಣಿಗೆ ಬೀಳದಂತೆ ಮೂಟೆಯ ತಳಕ್ಕೆ ತುರುಕಿ, ಮೇಲೆ ನಮ್ಮ ಹೂವು ಮುಚ್ಚಿದೆವು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.