ಮಾವನ ಹೊಲಿಗೆ

ಟೈಲರ್ ಶಾಲೆ ಬಿಟ್ಟದ್ದು ಮೂಗು ಒರೆಸಿಕೊಳ್ಳಲು ಕಲಿಯುವ ಹೊತ್ತಿಗೇ. ಓದುವ ಹುಚ್ಚು ಮಾತ್ರ ಅವನನ್ನು ಬಿಡಲಿಲ್ಲ. ಬಾಡಿಗೆಗೆ ತಂದ ಕಾದಂಬರಿಗಳನ್ನು ಹೊಲಿಗೆ ಯಂತ್ರದ ಪಕ್ಕ ತೆರೆದಿಟ್ಟುಕೊಂಡು ಓದುತ್ತಿದ್ದವನಿಗೆ ಒಂದು ದಿನ ಯಾವುದೋ ಪುಸ್ತಕದ ಕೊನೆ ಕಂಡು ಸಿಟ್ಟು ನೆತ್ತಿಗೇರಿತು. ಇದಕ್ಕಿಂತ ನಾನೇ ಚೆನ್ನಾಗಿ ಬರೀತೀನಿ ಎಂದು ಗೊಣಗಿದ. ಗುಂಡಿ ಹಚ್ಚುತ್ತಿದ್ದ ಹೆಂಡತಿ ತಲೆ ಎತ್ತದೆ, "ಬರೀರಿ, ಯಾರು ಬೇಡ ಅಂದ್ರು?" ಎಂದಳು. ಹಾಗೆ ಹುಟ್ಟಿದ ಕಾದಂಬರಿಕಾರ ಅವನು.

ಬರೆಯುವುದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಅಳತೆ ಗುರುತು ಹಾಕುವ ಕಂದು ಕಾಗದದಲ್ಲಿ. ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಹೆಂಡತಿ ಅದನ್ನು ಗಟ್ಟಿಯಾಗಿ ಓದಬೇಕು, ಅವನು ಪ್ಯಾಂಟಿನ ಅಂಚು ಮಡಿಚಿ ಹೊಲಿಯುತ್ತ ಕೇಳಬೇಕು. ಅವಳ ನಾಲಿಗೆ ಎಲ್ಲಿ ತಡವರಿಸಿತೋ ಅಲ್ಲಿ ಏನೋ ಸುಳ್ಳು ಸೇರಿದೆ ಎಂದೇ ಅವನ ನಂಬಿಕೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೀಟು ಹಾಕುತ್ತಿದ್ದ; ಮರುದಿನ ಆ ಸಾಲನ್ನು ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚುತ್ತಿದ್ದ. ಬೇರೆ ಯಾರಾದರೂ ತಪ್ಪು ತೋರಿಸಿದ್ದರೆ ಕತ್ತರಿ ಎಸೆಯುತ್ತಿದ್ದ. ಅವಳ ತಡವರಿಕೆಗೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಹೊಸ ಕಾದಂಬರಿಯಲ್ಲಿ ಒಬ್ಬ ಮುದುಕ ಬಂದ. ಮಗಳು ಮೆಚ್ಚಿದವನ ಜೊತೆ ಹೊರಟು ನಿಂತರೆ ಬಾಗಿಲಿಗೂ ಬಾರದ ಕಲ್ಲೆದೆಯ ಅಪ್ಪ. ಅದು ತೀರಿಕೊಂಡ ಮಾವನೇ ಎಂದು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸಿಲಾಚೆ ನಿಂತು ಕಾದು ಕಾದು, ಮಾವನ ಮುಖ ಕಾಣದೆ ಹೆಂಡತಿಯನ್ನು ಕರೆದುಕೊಂಡು ಹೊರಟ ದಿನದ ಉರಿಯನ್ನು ಟೈಲರ್ ಇಷ್ಟು ವರ್ಷ ಆರಲು ಬಿಟ್ಟಿರಲಿಲ್ಲ.

ಆ ಅಧ್ಯಾಯವನ್ನು ಹೆಂಡತಿ ಎಲ್ಲೂ ತಡವರಿಸದೆ ಓದಿದಳು, ನೀರಿನ ಬಿಲ್ಲು ಓದಿದಂತೆ. ಕಾಗದ ಸುರುಳಿ ಸುತ್ತಿ ಮೇಜಿನ ಮೇಲಿಟ್ಟು, "ಇನ್ಮೇಲೆ ನೀವೇ ಓದ್ಕೊಳ್ಳಿ" ಎಂದಳು. ಕಥೆ ಎಂದರೆ ಕಥೆ, ಅದಕ್ಕೆಲ್ಲ ಮುಖ ಊದಿಸಿಕೊಂಡರೆ ಬರೆಯುವವನು ಎಲ್ಲಿಗೆ ಹೋಗಿ ಸಾಯಬೇಕು ಎಂದು ಅವನು ಕೂಗಾಡಿದ. ಅವಳು ಒಲೆ ಹಚ್ಚಲು ಎದ್ದು ಹೋದಳು.

ಅಲ್ಲಿಗೆ ಕಾದಂಬರಿ ನಿಂತಿತು. ತಾನೇ ಓದಿಕೊಂಡರೆ ಪ್ರತಿ ಸಾಲೂ ಬಂಗಾರವಾಗಿ ಕಾಣುತ್ತಿತ್ತು. ಅದೇ ಅವನಿಗೆ ಭಯ. ಕಾಲೇಜಿನಿಂದ ಬಂದ ಮಗಳನ್ನು ಹಿಡಿದು ಕೂರಿಸಿದ. ಅವಳು ಬಸ್ಸು ತಪ್ಪೀತು ಎನ್ನುವವಳಂತೆ ಓದಿ ಮುಗಿಸಿ, "ಅಮ್ಮನ್ನ ಸಮಾಧಾನ ಮಾಡೋದು ಬಿಟ್ಟು ನನ್ನ ಯಾಕಪ್ಪಾ ಹಿಡ್ಕೊಂಡಿದ್ದೀಯ?" ಎಂದಳು. ಮನೆಯಲ್ಲಿ ಹೆಂಡತಿಯ ದನಿ ಊಟಕ್ಕೆ ಬನ್ನಿ ಎನ್ನುವಷ್ಟಕ್ಕೆ ಇಳಿದಿತ್ತು. ಕಾದಂಬರಿ ಹಾಳಾಗಲಿ, ಆ ದನಿ ಹೀಗೇ ಉಳಿದುಬಿಟ್ಟರೆ?

ಒಂದು ಸಂಜೆ ಸಿಟ್ಟನ್ನೆಲ್ಲ ನುಂಗಿಕೊಂಡು ಕೇಳಿದ. "ಅವತ್ತು ನಿಮ್ಮಪ್ಪ ಒಳಗೆ ಏನ್ ಮಾಡ್ತಿದ್ರು?"

ಅವಳು ಅಟ್ಟದಿಂದ ಹಳೆಯ ಚರ್ಮದ ಚೀಲ ಇಳಿಸಿ ಅವನ ಮುಂದಿಟ್ಟಳು. ಅವತ್ತು ಅವಳು ಹೊತ್ತು ತಂದ ಚೀಲ. ಅದರ ಹಿಡಿಯ ಹೊಲಿಗೆ ಅವನಿಗೆ ಗೊತ್ತಿದ್ದದ್ದೇ. ದಪ್ಪ ದಾರ ಸೊಟ್ಟಸೊಟ್ಟಾಗಿ ಓಡಿ, ಒಂದೇ ತೂತಿನಲ್ಲಿ ಮತ್ತೆ ಮತ್ತೆ ನುಗ್ಗಿ ಗಂಟುಗಂಟಾಗಿತ್ತು. ಯಾವ ಕತ್ತೆ ಹೊಲಿದದ್ದೋ ಎಂದು ಮದುವೆಯಾದ ಹೊಸದರಲ್ಲಿ ನಕ್ಕು, ಬಿಚ್ಚಿ ಹೊಲಿದು ಕೊಡುತ್ತೇನೆ ಎಂದಿದ್ದ. ಅವಳು ಚೀಲ ಮುಟ್ಟಲು ಬಿಟ್ಟಿರಲಿಲ್ಲ.

"ಹೊರಡೋ ಹೊತ್ತಿಗೆ ಹಿಡಿ ಕಿತ್ತುಬಂತು," ಎಂದಳು. "ದಾರೀಲಿ ಕೈಕೊಡತ್ತೆ ಅಂತ ಅಪ್ಪ ಹೊಲಿಯೋಕೆ ಕೂತರು. ಜನ್ಮದಲ್ಲಿ ಸೂಜಿ ಹಿಡಿದೋರಲ್ಲ. ಕಣ್ಣು ತುಂಬಿ ತೂತೇ ಕಾಣ್ತಿರಲಿಲ್ಲ. ಆ ಮುಖ ಹೊತ್ಕೊಂಡು ಅಳಿಯನ ಮುಂದೆ ಹೇಗ್ ಬರ್ತಾರೆ? ನೀವು ಹೊಸಿಲಾಚೆ ನಿಂತು ಕಂಡಿದ್ದನ್ನ ಬರೆದ್ರಿ. ಒಳಗೇನಾಯ್ತು ಅಂತ ಒಂದಿನ ಕೇಳಿದ್ರಾ?"

ಟೈಲರ್ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ. ಹಿಡಿಯ ಮೇಲೆ ಬೆರಳಾಡಿಸಿದ, ಜಗ್ಗಿ ನೋಡಿದ. ಇಷ್ಟು ವರ್ಷವಾದರೂ ಒಂದೆಳೆಯೂ ಸಡಿಲಾಗಿರಲಿಲ್ಲ.

ಆ ಅಧ್ಯಾಯವನ್ನು ಪೂರ್ತಿ ಬಿಚ್ಚಿ ಮತ್ತೆ ಬರೆದ. ಮುದುಕನನ್ನೇನೂ ದೇವರು ಮಾಡಲಿಲ್ಲ. ಕೈಗೊಂದು ಸೂಜಿ ಕೊಟ್ಟು ಒಳಗೆ ಕೂರಿಸಿದ, ಅಷ್ಟೇ. ಕಾಗದವನ್ನು ಗುಂಡಿ ಡಬ್ಬಿಯ ಪಕ್ಕ ಇಟ್ಟು, ಯಾರದೋ ಪ್ಯಾಂಟು ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ಕಾಗದ ಬಿಚ್ಚಿದ ಸದ್ದು ಕೇಳಿಸಿತು. ಅವಳು ಓದತೊಡಗಿದಳು. ಚೀಲದ ಹಿಡಿಯ ಹತ್ತಿರ ಬಂದಾಗ ದನಿ ತಡವರಿಸಿ ನಿಂತಿತು. ಅಭ್ಯಾಸ ನೋಡಿ, ಅವನ ಕೈ ಕಿವಿಯ ಮೇಲಿನ ಪೆನ್ಸಿಲ್‌ಗೆ ಹೋಯಿತು.

"ಗೀಟು ಹಾಕ್ಬೇಡಿ," ಎಂದಳು ಅಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತ. "ಅದು ಸರಿಯಾಗೇ ಇದೆ."

ಪೆನ್ಸಿಲ್ ಅಲ್ಲೇ ಉಳಿಯಿತು. ಅವಳು ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು.