ಸತ್ತವರೊಡನೆ ಹರಟುವ ನೆಮೆಸಿಯೊ

ಪಪೋಸೊ ಹಳ್ಳಿಯಿಂದ ತಾಲ್ತಾಲ್ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹುಲ್ಲುಕಡ್ಡಿಯೂ ಇಲ್ಲದ ಬೋಳುಗುಡ್ಡ. ನಡುವೆ ಬದುಕಿರುವವರಿಗಿಂತ ಸತ್ತವರೇ ಹೆಚ್ಚು ಸಿಗುತ್ತಾರೆ. ಲಾರಿ ಉರುಳಿದವನಿಗೆ, ಬಂಡೆಯಿಂದ ಜಾರಿದವಳಿಗೆ, ಪ್ರಾಣ ಹೋದ ಜಾಗದಲ್ಲೇ ಗೂಡಿನಂಥ ಒಂದು ಗುಡಿ. ಬೇರೆಯವರು ಸತ್ತವರ ಗೌರವಕ್ಕೊಂದು ಹಾರನ್ ಹೊಡೆದು ಮುಂದೆ ಸಾಗುತ್ತಾರೆ. ನೆಮೆಸಿಯೊ ಇಳಿದು ಮಾತಾಡಿಸುತ್ತಾನೆ.

ಬದುಕಿರುವವರ ಮುಂದೆ ಮಾತ್ರ ಈ ಪುಣ್ಯಾತ್ಮ ತುಟಿಪಿಟಿಕ್ಕೆನ್ನುವುದಿಲ್ಲ. ಪಿಕಪ್‌ನಲ್ಲಿ ಕಡಲಪಾಚಿ ಸಾಗಿಸುತ್ತಲೇ ತಲೆ ನರೆಯಿತು, ಮದುವೆಯಾಗಲಿಲ್ಲ. ವಿಧವೆ ಓರ್ಫೆಲಿನಾಳ ಖಾನಾವಳಿಯಲ್ಲಿ ವರ್ಷಗಟ್ಟಲೆ ಮೀನಿನ ಸಾರು ಉಂಡು ಅವನು ಹೇಳಿದ್ದು ಒಂದೇ ಮಾತು, ಉಪ್ಪು ಸರಿಯಾಗಿದೆ ಎಂದು. ಇಂದು ಅವಳನ್ನೇ ಗಂಟುಮೂಟೆ ಸಮೇತ ಕೂರಿಸಿಕೊಂಡು ಹೊರಟಿದ್ದ. ಖಾನಾವಳಿ ಮುಚ್ಚಿ ಅವಳು ದೂರದ ಅಂತೊಫಗಸ್ತಾ ನಗರದಲ್ಲಿರುವ ತಂಗಿಯ ಮನೆ ಸೇರುವವಳಿದ್ದಳು. ತಾಲ್ತಾಲ್‌ನಲ್ಲಿ ಬಸ್ ಹತ್ತಿದಳೆಂದರೆ ಮುಗಿಯಿತು. ಅಷ್ಟರೊಳಗೆ ಅವನು ಬಾಯಿ ಬಿಡಲೇಬೇಕಿತ್ತು.

ಬಿಟ್ಟ, ಗುಡಿಗಳ ಮುಂದೆ. ಒಬ್ಬನಿಗೆ ಮೀನು ಸಿಗದ ಸುದ್ದಿ ಹೇಳಿದ. ಇನ್ನೊಬ್ಬಳಿಗೆ ಅವಳ ಮಗಳು ಹೆತ್ತ ಸುದ್ದಿ. ಹಳೆಯ ಗೆಳೆಯ ಸೆಗುಂದೊನ ಗುಡಿಯ ಹತ್ತಿರ ಗಾಡಿ ಮತ್ತೆ ನಿಧಾನವಾದಾಗ ಓರ್ಫೆಲಿನಾ ರೇಗಿದಳು.

"ದೋನ್ ನೆಮೆಸಿಯೊ, ಬಸ್ಸೇನು ನಮ್ಮಪ್ಪಂದಾ, ಕಾಯ್ತಾ ನಿಲ್ಲಕ್ಕೆ? ಹಾರನ್ ಹೊಡ್ದು ನಡೀರಿ."

"ಸೆಗುಂದೊ ಬೇಜಾರ್ ಮಾಡ್ಕೋತಾನೆ."

"ಸತ್ತು ಎಷ್ಟ್ ಕಾಲ ಆಯ್ತು, ಇನ್ನೂ ಬೇಜಾರಾ?"

ನೆಮೆಸಿಯೊ ಇಳಿದು ಗಾಡಿಗೆ ಬೆನ್ನು ಹಾಕಿ ಟೋಪಿ ತೆಗೆದ. ತನ್ನ ಗಾಡಿಯ ಕಿಟಕಿಗೆ ಗಾಜಿಲ್ಲವೆಂಬುದು ಆ ಗಳಿಗೆಯಲ್ಲಿ ಅವನಿಗೆ ನೆನಪಾಗಲಿಲ್ಲ.

"ಸೆಗುಂದೊ, ಕೆಟ್ಟೆ ಕಣೋ. ನಾನೇ ಇವ್ರನ್ನ ಬಸ್ ಹತ್ತಿಸಕ್ ಹೊರಟಿದೀನಿ. ಸಾರು ಹೋದ್ರೆ ಹೋಗ್ಲಿ, ಒಣ ಬ್ರೆಡ್ ತಿಂದ್ಕೊಂಡಿರ್ತೀನಿ. ಪಾತ್ರೆ ತೊಳೀತಾ ಅವ್ರು ನಮ್ಮನ್ನೆಲ್ಲ ಬೈಯೋದ್ ಕೇಳ್ದೆ ಹೆಂಗೋ ಇರ್ಲಿ? ಹೋಗ್ಬೇಡಿ, ನನ್ ಜೊತೆ ಇದ್ಬಿಡಿ ಅನ್ನೋಣ ಅಂದ್ರೆ ನಾಲ್ಗೆ ಏಳಲ್ಲ. ನೀನಾದ್ರೂ ಹೇಳೋ ಮಾರಾಯ."

ಗಾಡಿಯ ಬಾಗಿಲು ಕಿರುಗುಟ್ಟಿತು. ಓರ್ಫೆಲಿನಾ ಬಂದು ಅವನ ಪಕ್ಕದಲ್ಲೇ ನಿಂತಳು. ಗಾಳಿಗೆ ಬಿದ್ದಿದ್ದ ಪ್ಲಾಸ್ಟಿಕ್ ಹೂಗಳನ್ನು ಎತ್ತಿ ನಿಲ್ಲಿಸಿದಳು.

"ಸೆಗುಂದೊ, ನಿನ್ ಗೆಳೆಯಂಗೆ ಸ್ವಲ್ಪ ಹೇಳಪ್ಪ. ಹೋಗ್ತೀನಿ ಹೋಗ್ತೀನಿ ಅಂತ ಊರಿಗೆಲ್ಲ ಸಾರ್ಕೊಂಡ್ ಬಂದೆ, ಬೇಡ ಅನ್ನೋರು ಒಬ್ರೂ ಇರ್ಲಿಲ್ಲ. ಈ ಮಹಾನುಭಾವ್ರು ಮೂಟೆ ನಾನ್ ಹೊರ್ತೀನಿ ಅಂದ್ರು."

ನೆಮೆಸಿಯೊ ಟೋಪಿಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಾ ನಿಂತ. ನಾಚಿಕೆಯೂ ಆಯಿತು, ಹಿಡಿಸಲಾರದಷ್ಟು ಸಂತೋಷವೂ ಆಯಿತು.

"ತಾಲ್ತಾಲ್‌ವರ್ಗೂ ಇಂಥ ಗುಡಿಯೋರು ಇನ್ನೆಷ್ಟ್ ಜನ ಇದಾರೆ?" ಎಂದು ಅವಳು ಕೇಳಿದಳು.

"ಸುಮಾರ್ ಜನ ಇದಾರೆ."

ಅವಳು ಗಾಡಿ ಹತ್ತಿ ಆರಾಮವಾಗಿ ಕೂತಳು.

"ಬಸ್ ಹೋದ್ರೆ ಹೋಯ್ತು. ಒಬ್ರನ್ನೂ ಬಿಡ್ದೆ ನಿಲ್ಸಿ. ಸೆಗುಂದೊಗೆ ಹೇಳಿದ್ದನ್ನೇ ಎಲ್ರಿಗೂ ಹೇಳಿ."